ಏಳನೇ ಸಾಲಿನ್ಯಾಗ ಏನೂ ತಪ್ಪಿಲ್ರೀ, ಅಕ್ಕಾವ್ರೆ!

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು ಹೊತ್ತು ಬಂದಿವೆ. ಎರರ್ ಇದೆ ಎಂದು ಕಂಪ್ಯೂಟರ್ ತೋರಿಸಿದ ಸಾಲಿನಲ್ಲಿ ಎರರ್ ಇಲ್ಲ! ಹಾಗಾಗಿ ಪ್ರಿಂಟರ್, ಪಾಸ್‌ವರ್ಡ್, ವೈರಸ್ ಎಲ್ಲವನ್ನೂ ಮುಂದಿನ ತಿಂಗಳಿಗೆ ತಳ್ಳಿ ಇದೊಂದನ್ನೇ ಹಿಡಿದು ಕೂತಿದ್ದೇನೆ. ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್ ಲ್ಯಾಬಿನಲ್ಲಿ 28 ವರ್ಷ ನಾನು ಕೇಳಿದ್ದೂ ಇದೇ ದೂರು. ಕಾಲೇಜಿನಲ್ಲಿ ಮೇಡಂ, ಓಣಿಯಲ್ಲಿ ಅಕ್ಕಾವ್ರು. ಹೇಗೆ ಕರೆದರೂ ಕೂಗು ಮಾತ್ರ ಅದೇ ಇರುತ್ತಿತ್ತು.

ಪ್ರಶ್ನೆ: ಅಕ್ಕಾವ್ರೆ, ಲ್ಯಾಬಿನಲ್ಲಿ ಸಿ ಪ್ರೋಗ್ರಾಂ ಬರೆದೆ. ಏಳನೇ ಸಾಲಿನಲ್ಲಿ ಎರರ್ ಅಂತ ಬಂತು. ಆ ಸಾಲನ್ನು ಮೂರು ಸಲ ಅಳಿಸಿ ಮೂರು ಸಲ ಬರೆದೆ, ಎರರ್ ಹೋಗಲಿಲ್ಲ. ಕೊನೆಗೆ ನೋಡಿದರೆ ಆರನೇ ಸಾಲಿನ ತುದಿಗೆ ಸೆಮಿಕೋಲನ್ (;) ಇರಲಿಲ್ಲ. ಅರ್ಧ ಗಂಟೆ ಹಾಳಾಯಿತು. ನಾವು ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ಬದಲಿಸುವ ಈ ಕಂಪೈಲರ್ ತಪ್ಪು ಸಾಲು ತೋರಿಸಿದರೆ ಅದನ್ನು ನಂಬುವುದು ಹೇಗೆ?
— ಡಿಪ್ಲೊಮಾ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗೀ, ಮೂರು ಸಲಕ್ಕೆ ಬಿಟ್ಟೆಯಲ್ಲ, ಜಾಣೆ. ಒಂದು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬ ಹುಡುಗ ಅದೇ ಸಾಲನ್ನು ಎಂಟು ಸಲ ಬರೆದದ್ದನ್ನು ನಾನು ಹಿಂದೆ ನಿಂತು ನೋಡಿದ್ದೇನೆ. ಆಗ ಟರ್ಬೊ ಸಿ ಎಂಬ ಹಳೆಯ ಕಂಪೈಲರಿನ ಕಾಲ. ನೀಲಿ ಪರದೆ, ಕೆಳಗೆ ಮೆಸೇಜಿನ ಪೆಟ್ಟಿಗೆ, ಅದರಲ್ಲಿ "ಸ್ಟೇಟ್‌ಮೆಂಟ್ ಮಿಸ್ಸಿಂಗ್ ;" ಎಂಬ ಸಾಲು. ಮೇಲೆ ಪ್ರೋಗ್ರಾಂನಲ್ಲಿ ಬಣ್ಣದ ಪಟ್ಟಿ ಮುಂದಿನ ಸಾಲಿನ ಮೇಲೆ ಕೂತಿರುತ್ತಿತ್ತು. ಹುಡುಗ ಬೆವರುತ್ತಿದ್ದ. ಪರೀಕ್ಷೆಯಲ್ಲಿ ನಾನು ಬಾಯಿ ಬಿಡುವಂತಿಲ್ಲ. ಸುಮ್ನೆ ನಿಲ್ಲಲೂ ಆಗಲಿಲ್ಲ. ಅಟೆಂಡರ್ ಕಡೆ ತಿರುಗಿ, "ಮ್ಯಾಲಿನ ಫ್ಯಾನ್ ಹಚ್ರೀ, ಮ್ಯಾಲಿನ್ದು!" ಎಂದು ಜೋರಾಗಿ ಹೇಳಿದೆ. ಹುಡುಗನಿಗೆ ತಿಳಿಯಲಿಲ್ಲ. ಫ್ಯಾನ್ ಮಾತ್ರ ತಿರುಗಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸಿ ಭಾಷೆಗೆ ಸಾಲು ಅನ್ನುವುದೇ ಬಹುಮಟ್ಟಿಗೆ ಗೊತ್ತಿಲ್ಲ. ನೀನು ಎಂಟರ್ ಒತ್ತಿದರೂ ಅದಕ್ಕೆ ಒಂದೇ, ಸ್ಪೇಸ್ ಒತ್ತಿದರೂ ಒಂದೇ. ಮಾತು ಮುಗಿಯಿತು ಎಂದು ಅದಕ್ಕೆ ಹೇಳುವುದು ಸೆಮಿಕೋಲನ್ ಮಾತ್ರ. ಅದು ನಮ್ಮ ಪೂರ್ಣವಿರಾಮ ಇದ್ದಂತೆ.

ಪೂರ್ಣವಿರಾಮ ಬಿಟ್ಟರೆ ನಮಗೂ ಹೀಗೇ ಆಗುತ್ತದೆ, ನೋಡು. "ತಮ್ಮ ನಿನ್ನೆ ಬಂದ. ನಾನು ಅಡುಗೆ ಮಾಡಿದೆ." ಇದು ಸರಿ ಇದೆ. ಈಗ ಚುಕ್ಕೆ ತೆಗೆದು ಜೋರಾಗಿ ಓದು: "ತಮ್ಮ ನಿನ್ನೆ ಬಂದ ನಾನು ಅಡುಗೆ ಮಾಡಿದೆ." ಎಲ್ಲಿ ಎಡವಿದೆ? "ಬಂದ" ಹತ್ತಿರ ಅಲ್ಲ. ಅಲ್ಲಿ ಅನುಮಾನವೇ ಬರುವುದಿಲ್ಲ. ಯಾಕೆಂದರೆ ಬಂದ ಎಂದ ಮೇಲೆ ಮಾತು ಮುಂದುವರಿಯಬಹುದು, ಬಂದ ಬಸ್ಸು, ಬಂದ ಹೊತ್ತು, ಬಂದ ಕೆಲಸ. ನೀನು ಎಡವಿದ್ದು "ನಾನು" ಎಂಬಲ್ಲಿ. "ನಾನು ಇಲ್ಲಿ ಹೇಗೆ ಬಂದೆ?" ಅನಿಸುತ್ತದೆ. "ನಾನು" ಎಂಬ ಪದದಲ್ಲಿ ತಪ್ಪೇನಿದೆ? ಏನೂ ಇಲ್ಲ. ಅದರ ಹಿಂದೆ ಬರಬೇಕಾದ ಚುಕ್ಕೆ ಬಂದಿಲ್ಲ, ಅಷ್ಟೇ.

ನಿನ್ನ ಏಳನೇ ಸಾಲಿನ ಮೊದಲ ಪದವೂ ಅಂಥ "ನಾನು". ಕಂಪೈಲರಿನಲ್ಲಿ ಪಾರ್ಸರ್ ಎಂಬ ಭಾಗ ಇದೆ. ಅದು ಎಡದಿಂದ ಬಲಕ್ಕೆ ಒಂದೊಂದೇ ಪದ ಎತ್ತಿಕೊಳ್ಳುತ್ತದೆ. ಇದುವರೆಗೆ ಓದಿದ್ದು ಯಾವುದಾದರೂ ಸರಿಯಾದ ಪ್ರೋಗ್ರಾಂನ ಆರಂಭ ಆಗಿರಲು ಸಾಧ್ಯವೇ ಎಂದಷ್ಟೇ ನೋಡುತ್ತದೆ. ಸಾಧ್ಯ ಇರುವವರೆಗೆ ತೆಪ್ಪಗೆ ಮುಂದೆ ಹೋಗುತ್ತದೆ. ಸಾಧ್ಯವಿಲ್ಲ ಎಂದು ಗೊತ್ತಾದ ಪದದ ಮೇಲೆ ಬೆರಳಿಡುತ್ತದೆ. ಅಂದರೆ ಆ ಗುರುತು ಹೇಳುವುದು "ನಾನು ಇಲ್ಲಿ ಸಿಕ್ಕಿಕೊಂಡೆ" ಎಂದು. "ನೀನು ಇಲ್ಲಿ ತಪ್ಪಿದೆ" ಎಂದು ಅಲ್ಲ. ನಾವು ಅದನ್ನು ಎರಡನೇ ಅರ್ಥದಲ್ಲಿ ಓದಿ ಅರ್ಧ ಗಂಟೆ ಕಳೆಯುತ್ತೇವೆ. ಹಾಗಾಗಿ ಇಂಥ ಎರರ್ ಬಂದರೆ ಗುರುತಿನಿಂದ ಹಿಂದಕ್ಕೆ ಓದು. ಹಿಂದಿನ ಪದ, ಹಿಂದಿನ ಸಾಲು, ಹೀಗೆ.

ಇನ್ನೂ ಒಂದು ತಮಾಷೆ ಇದೆ. ಕೆಲವು ಸಲ ಸೆಮಿಕೋಲನ್ ಬಿಟ್ಟರೂ "ಸೆಮಿಕೋಲನ್ ಇಲ್ಲ" ಎಂಬ ಮಾತೇ ಬರುವುದಿಲ್ಲ. ಒಂದು ಸಾಲಿನ ತುದಿಯಲ್ಲಿ ಎಕ್ಸ್ = ಎ ಎಂದು ಬರೆದು ಬಿಟ್ಟೆ, ಮುಂದಿನ ಸಾಲು *ಪಿ = 5 ಎಂದು ಶುರುವಾಗುತ್ತದೆ ಅಂದುಕೋ. ಕಂಪೈಲರ್ ಎರಡನ್ನೂ ಕೂಡಿಸಿ "ಎ ಗುಣಿಸು ಪಿ" ಎಂದು ಓದುತ್ತದೆ. ಪಿ ಇಲ್ಲಿ ಪಾಯಿಂಟರ್, ಅಂದರೆ ಬೆಲೆ ಇಟ್ಟ ಜಾಗದ ವಿಳಾಸ. ವಿಳಾಸವನ್ನು ಹೇಗೆ ಗುಣಿಸಲಿ ಎಂದು ಬೇರೆಯದೇ ರಾಗ ತೆಗೆಯುತ್ತದೆ. "ಇನ್‌ವ್ಯಾಲಿಡ್ ಆಪರೆಂಡ್ಸ್" ಎಂದು ಬಂದದ್ದನ್ನು ನೋಡಿದ ಹುಡುಗರು ಪಾಯಿಂಟರ್ ಪಾಠವನ್ನು ಮತ್ತೆ ಮೊದಲಿಂದ ಓದಲು ಕೂತದ್ದುಂಟು. ಬೇಕಾಗಿದ್ದದ್ದು ಒಂದು ಚುಕ್ಕೆ-ಬಾಲ.

ಇನ್ನು ಎರರೇ ಬಾರದ ಪರಿಸ್ಥಿತಿ. "ತಮ್ಮ ನಿನ್ನೆ ಬಂದ. ಬಸ್ಸು ತಡವಾಗಿತ್ತು." ಚುಕ್ಕೆ ತೆಗೆದರೆ "ತಮ್ಮ ನಿನ್ನೆ ಬಂದ ಬಸ್ಸು ತಡವಾಗಿತ್ತು." ಸರಿಯಾದ ವಾಕ್ಯವೇ, ಅರ್ಥ ಮಾತ್ರ ಬೇರೆ. ಸಿ ಭಾಷೆಯಲ್ಲಿ ರಿಟರ್ನ್ ಎಂದು ಬರೆದು ಸೆಮಿಕೋಲನ್ ಬಿಟ್ಟರೆ ಹೀಗೆ ಆಗಬಹುದು. ಕೆಳಗಿನ ಸಾಲು ಎಕ್ಸ್ = 5; ಎಂದಿದ್ದರೆ, ಬೆಲೆ ಹಿಂದಿರುಗಿಸುವ ಫಂಕ್ಷನ್ನಿನಲ್ಲಿ "ಎಕ್ಸ್‌ಗೆ 5 ಕೊಟ್ಟು ಅದನ್ನೇ ಹಿಂದಿರುಗಿಸು" ಎಂದು ಕಂಪೈಲರ್ ಖುಷಿಯಿಂದ ಒಪ್ಪುತ್ತದೆ. ತಪ್ಪು ಜಾಗ ತೋರಿಸುವ ಎರರಿಗಿಂತ ನನಗೆ ಹೆದರಿಕೆ ಇದರದ್ದು.

ನಿನ್ನ ಲ್ಯಾಬಿನಲ್ಲಿ ಜಿಸಿಸಿ ಎಂಬ ಕಂಪೈಲರಿನ ಹೊಸ ಆವೃತ್ತಿ ಹಾಕಿಸಲು ಕೇಳಿಕೊ. 2018ರಲ್ಲಿ ಬಂದ 8ನೇ ಆವೃತ್ತಿಯಿಂದ ಅದು ಬಿಟ್ಟುಹೋದ ಸೆಮಿಕೋಲನ್ನಿಗೆ ಹಿಂದಿನ ಪದದ ತುದಿಯಲ್ಲೇ ಗುರುತು ಇಡುತ್ತದೆ, ಅಲ್ಲಿ ; ಸೇರಿಸು ಎಂದೂ ತೋರಿಸುತ್ತದೆ. ಅದು ಎಡವುವುದು ಈಗಲೂ ಮುಂದಿನ ಪದದ ಹತ್ತಿರವೇ. ಬೆರಳಿಡುವಾಗ ಮಾತ್ರ ಒಂದು ಹೆಜ್ಜೆ ಹಿಂದೆ ಇಡುತ್ತದೆ. ಇಷ್ಟು ಚಿಕ್ಕ ಉಪಕಾರಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮಕ್ಕಳಿಗೆ ಕಲಿಸಲು ಪೈಥಾನ್ ಕಲಿಯುತ್ತಿದ್ದೇನೆ. ಒಂದೇ ಪ್ರೋಗ್ರಾಂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕನೇ ಸಾಲು ತಪ್ಪು ಎನ್ನುತ್ತದೆ, ಅಳಿಯನ ಲ್ಯಾಪ್‌ಟಾಪಿನಲ್ಲಿ ಮೂರನೇ ಸಾಲು ತಪ್ಪು ಎನ್ನುತ್ತದೆ. ಯಾವುದು ನಿಜ?
— ಗೋಕಾಕ

ಉತ್ತರ: ನೀವೂ ಅಕ್ಕಾವ್ರು, ನಾನೂ ಅಕ್ಕಾವ್ರು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಅಳಿಯನದ್ದೇ ನಿಜ. ನೀವು ಬರೆದು ಕಳಿಸಿದ ಮೂರನೇ ಸಾಲಿನಲ್ಲಿ ಮೂರು ಕಂಸ ತೆರೆದಿದ್ದೀರಿ, ಎರಡು ಮುಚ್ಚಿದ್ದೀರಿ. ಪ್ರಿಂಟ್‌ಗೆ ಒಂದು, ಇಂಟ್‌ಗೆ ಒಂದು, ಇನ್‌ಪುಟ್‌ಗೆ ಒಂದು. ಎಣಿಸಿ ನೋಡಿ.

ಪೈಥಾನಿನಲ್ಲಿ ಸಾಲು ಮುಗಿದರೆ ಮಾತು ಮುಗಿದಂತೆ. ಆದರೆ ಕಂಸ ತೆರೆದಿದ್ದರೆ ಆ ನಿಯಮ ಇಲ್ಲ. ಕಂಸ ಮುಚ್ಚುವ ತನಕ ಎಷ್ಟು ಸಾಲು ಬೇಕಾದರೂ ಬರೆಯಬಹುದು. ಹಾಗಾಗಿ ಮೂರನೇ ಸಾಲಿನ ತುದಿಯಲ್ಲಿ ಅದಕ್ಕೆ ಗಾಬರಿ ಆಗುವುದಿಲ್ಲ. ನಾಲ್ಕನೇ ಸಾಲಿಗೆ ಬಂದು ಅಲ್ಲಿ ಹೊಸ ಮಾತು ಕಂಡಾಗ ಎಡವುತ್ತದೆ. ನಿಮ್ಮ ಹಳೆಯ ಪೈಥಾನ್ "ಇನ್‌ವ್ಯಾಲಿಡ್ ಸಿಂಟ್ಯಾಕ್ಸ್" ಎಂದು ಎರಡೇ ಪದ ಹೇಳಿ, ಎಡವಿದ ಜಾಗದಲ್ಲಿ ಗುರುತು ಇಟ್ಟು ಕೈ ತೊಳೆದುಕೊಂಡಿತು.

2020ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.9ರಲ್ಲಿ ಪಾರ್ಸರನ್ನೇ ಬದಲಿಸಿದರು. ಪೈಥಾನ್ ಹುಟ್ಟುಹಾಕಿದ ಗೈಡೊ ವಾನ್ ರೋಸಮ್ ಅವರೇ ಆ ಕೆಲಸಕ್ಕೆ ಕೈ ಹಾಕಿದವರಲ್ಲಿ ಒಬ್ಬರು. ಅದರ ಫಲ ಕಂಡದ್ದು ಮುಂದಿನ ವರ್ಷ, 3.10ರಲ್ಲಿ. ಈಗ ಅದು ಎಡವಿದ ಮೇಲೆ ಹಿಂದೆ ತಿರುಗಿ, ಮುಚ್ಚದೆ ಉಳಿದ ಕಂಸ ಯಾವುದು ಎಂದು ಹುಡುಕಿ, "'(' ವಾಸ್ ನೆವರ್ ಕ್ಲೋಸ್ಡ್" ಎಂದು ಆ ಕಂಸದ ಕೆಳಗೇ ಗುರುತು ಇಡುತ್ತದೆ. ನಿಮ್ಮ ಅಳಿಯ ನೋಡಿದ್ದು ಇದನ್ನೇ.

ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 7 ಎಂದು ಬರೆದಿದ್ದೀರಿ. ಅದರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಅದಕ್ಕೇ ನಿಮಗೆ ಹೊಸದು ಸಿಗಲಿಲ್ಲ. ಲ್ಯಾಪ್‌ಟಾಪ್ ಬದಲಿಸುವವರೆಗೆ "ಮುಂದಿನ ಸಾಲಿನ ಮೊದಲ ಪದಕ್ಕೆ ಎರರ್ ಬಂದರೆ ಹಿಂದಿನ ಸಾಲಿನ ಕಂಸ ಎಣಿಸು" ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಬಿಡಿ.

ಉದ್ಧರಣ ಚಿಹ್ನೆ ಮುಚ್ಚುವುದನ್ನು ಮರೆತರೆ ಹೊಸ ಪೈಥಾನ್ ಕೊಡುವ ಸಂದೇಶ ನನಗೆ ಬಹಳ ಇಷ್ಟ. "ಅನ್‌ಟರ್ಮಿನೇಟೆಡ್ ಸ್ಟ್ರಿಂಗ್ ಲಿಟರಲ್" ಎಂದು ಹೇಳಿ, ಪಕ್ಕದಲ್ಲಿ "ಡಿಟೆಕ್ಟೆಡ್ ಅಟ್ ಲೈನ್" ಎಂದು ಸಾಲಿನ ನಂಬರ್ ಕೊಡುತ್ತದೆ. ಡಿಟೆಕ್ಟೆಡ್, ಅಂದರೆ "ನನಗೆ ಗೊತ್ತಾದದ್ದು ಈ ಸಾಲಿನಲ್ಲಿ." ತಪ್ಪಾದ ಜಾಗ ಬೇರೆ, ಗೊತ್ತಾದ ಜಾಗ ಬೇರೆ ಎಂದು ಬಾಯಿಬಿಟ್ಟು ಹೇಳುವ ಕಂಪ್ಯೂಟರ್! 28 ವರ್ಷ ನಾನು ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ.

ಪ್ರಶ್ನೆ: ಮೇಡಂ, ನನ್ನ ಜಾವಾ ಫೈಲಿನಲ್ಲಿ 143 ಸಾಲು ಇವೆ. ಎರರ್ 143ನೇ ಸಾಲಿನಲ್ಲಿ, "ರೀಚ್ಡ್ ಎಂಡ್ ಆಫ್ ಫೈಲ್ ವೈಲ್ ಪಾರ್ಸಿಂಗ್" ಅಂತ. ಅಲ್ಲಿ ಒಂದು ಪುಷ್ಪಾವರಣ ಬಿಟ್ಟರೆ ಏನೂ ಇಲ್ಲ. ಅಲ್ಲಿ ಇನ್ನೊಂದು } ಹಾಕಿದೆ, ಎರರ್ ಹೋಯಿತು. ಆದರೆ ಉತ್ತರ ತಪ್ಪು ಬರುತ್ತಿದೆ.
— ಬಿಇ ವಿದ್ಯಾರ್ಥಿ, ತಿಲಕವಾಡಿ, ಬೆಳಗಾವಿ

ಉತ್ತರ: ತಮ್ಮಾ, ಇದು ಗಾಯ ಕಾಲಿಗೆ, ಪಟ್ಟಿ ಕೈಗೆ.

ನಿನ್ನ 31ನೇ ಸಾಲಿನ ಇಫ್ ನೋಡು. ಅದರ ಆವರಣ ತೆರೆದಿದೆ, ಮುಚ್ಚಿಲ್ಲ. ಇಫ್ (ಷರತ್ತು) ಇರುವುದು ಮೆಥಡ್ ಒಳಗೆ, ಮೆಥಡ್ ಇರುವುದು ಕ್ಲಾಸ್ ಒಳಗೆ. ಜಾವಾ ಪ್ರತಿ } ಬಂದಾಗಲೂ ಕೊನೆಗೆ ತೆರೆದ { ಯಾವುದೋ ಅದಕ್ಕೆ ಜೋಡಿ ಮಾಡುತ್ತದೆ. ಮೆಥಡ್ ಮುಚ್ಚಲು ನೀನು ಇಟ್ಟ } ಇಫ್‌ಗೆ ಹೋಯಿತು. ಕ್ಲಾಸ್ ಮುಚ್ಚಲು ಇಟ್ಟದ್ದು ಮೆಥಡ್‌ಗೆ ಹೋಯಿತು. ಕ್ಲಾಸ್‌ಗೆ ಏನೂ ಉಳಿಯಲಿಲ್ಲ. ಮದುವೆ ಊಟದಲ್ಲಿ ಒಬ್ಬ ಇನ್ನೊಬ್ಬನ ಎಲೆಗೆ ಕೂತರೆ ಕೊನೆಗೆ ಬಂದವನಿಗೆ ಎಲೆ ಇಲ್ಲ. ಕೂಗುವುದು ಕೊನೆಯವನು, ತಪ್ಪು ಅವನದಲ್ಲ. ನೀನು ಕೊನೆಗೆ ಒಂದು } ಹಾಕಿದೆ. ಲೆಕ್ಕ ಸರಿಹೋಯಿತು, ಆದರೆ 31ನೇ ಸಾಲಿನ ಇಫ್ ಈಗ ತನ್ನ ಕೆಳಗಿನ ಎಲ್ಲವನ್ನೂ ನುಂಗಿಕೊಂಡಿದೆ. ಉತ್ತರ ತಪ್ಪು ಬರದೆ ಇನ್ನೇನು?

ನಮ್ಮ ಅಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಹಾಸಿನ ಒಂದು ಎಳೆ ಕಡಿದರೆ ತಕ್ಷಣ ಕಾಣಿಸುತ್ತಿರಲಿಲ್ಲ. ಲಾಳಿ ಓಡುತ್ತಲೇ ಇರುತ್ತಿತ್ತು. ನಾಲ್ಕು ಬೆರಳು ನೇಯ್ದ ಮೇಲೆ ಬಟ್ಟೆಯಲ್ಲಿ ಸಣ್ಣ ಗೆರೆ ಕಣ್ಣಿಗೆ ಬೀಳುತ್ತಿತ್ತು. ಅಪ್ಪ ಗೆರೆ ಕಂಡ ಜಾಗಕ್ಕೆ ಗಂಟು ಹಾಕುತ್ತಿರಲಿಲ್ಲ. ಗೆರೆ ಎಲ್ಲಿಂದ ಶುರುವಾಗಿದೆ ಎಂದು ಹಿಂದಕ್ಕೆ ಬಿಚ್ಚುತ್ತ ಹೋಗುತ್ತಿದ್ದ. ಬಿಚ್ಚಿದಷ್ಟು ಕೂಲಿ ಹೋಯಿತು ಎಂದು ಅವ್ವ ಗೊಣಗುತ್ತಿದ್ದಳು. ಸೆಮಿಕೋಲನ್ ಆದರೆ ಒಂದು ಬೆರಳು ಬಿಚ್ಚಿದರೆ ಸಾಕು. ಆವರಣ ಆದರೆ 112 ಸಾಲು ಬಿಚ್ಚಬೇಕಾಗುತ್ತದೆ, ನಿನ್ನ ಹಾಗೆ.

ಬಿಚ್ಚಲು ಸುಲಭ ದಾರಿ ಇದೆ. ಎಡಿಟರಿಗೆ ಹೇಳಿ ಇಡೀ ಫೈಲನ್ನು ಮತ್ತೆ ಇಂಡೆಂಟ್ ಮಾಡಿಸು, ಅಂದರೆ ಒಳಗಿನ ಸಾಲುಗಳ ಎಡಕ್ಕೆ ಜಾಗ ಬಿಡಿಸು. ಎಲ್ಲಿಂದ ಸಾಲುಗಳು ಒಂದು ಹೆಜ್ಜೆ ಬಲಕ್ಕೆ ಸರಿದು ವಾಪಸ್ ಬರುವುದಿಲ್ಲವೋ ಅಲ್ಲಿಯೇ ಕಳ್ಳ. ರಸ್ಟ್ ಭಾಷೆಯ ಕಂಪೈಲರ್ ಇದನ್ನು ತಾನೇ ಮಾಡುತ್ತದೆ. ಫೈಲಿನ ಕೊನೆಗೆ ಗುರುತು ಇಟ್ಟರೂ, "ಈ ಆವರಣಕ್ಕೂ ಆ ಆವರಣಕ್ಕೂ ಇಂಡೆಂಟ್ ಹೊಂದುತ್ತಿಲ್ಲ, ಇದು ಇರಬಹುದು" ಎಂದು ಎರಡನೇ ಜಾಗವನ್ನೂ ತೋರಿಸುತ್ತದೆ.

ಹಿಂದೊಮ್ಮೆ ಒಂದು } ಜಾಸ್ತಿ ಹಾಕಿ 23 ಎರರ್ ಬಂತು ಎಂದೂ ಬರೆದಿದ್ದೀಯ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರಲ್ಲ, ಹಾಗೆ. ಎಡವಿದ ಕಂಪೈಲರ್ ಎದ್ದು, ಸ್ವಲ್ಪ ಪದ ಬಿಟ್ಟು, ಎಲ್ಲೋ ಒಂದು ಕಡೆಯಿಂದ ಮತ್ತೆ ಓದಲು ನೋಡುತ್ತದೆ. ಆಗ ಎಲ್ಲವೂ ಅದಕ್ಕೆ ತಪ್ಪಾಗಿಯೇ ಕಾಣುತ್ತದೆ. ಮೊದಲ ಎರರ್ ಒಂದನ್ನೇ ಸರಿಮಾಡಿ ಮತ್ತೆ ಕಂಪೈಲ್ ಮಾಡು. ಉಳಿದ 22ರಲ್ಲಿ ಎಷ್ಟು ನಿಜ ಎಂಬುದು ಆಮೇಲೆ.

ಪ್ರಶ್ನೆ: ಎಪಿಎಂಸಿಯಲ್ಲಿ ಅಡತಿ ಅಂಗಡಿ ಇದೆ. ಕನ್ನಡದಲ್ಲಿ ಚೀಟಿ ಮುದ್ರಿಸಲು ಸಿ++ನಲ್ಲಿ ಸಣ್ಣ ಪ್ರೋಗ್ರಾಂ ನಾನೇ ಬರೆದುಕೊಂಡಿದ್ದೇನೆ. ಸಾಲಿನಲ್ಲಿ ಕನ್ನಡ ಪದ ಇದ್ದರೆ ಎರರ್ ತೋರಿಸುವ ಆ ^ ಗುರುತು ಎಲ್ಲೋ ಬಲಕ್ಕೆ, ಬಯಲಿನಲ್ಲಿ ಹೋಗಿ ನಿಲ್ಲುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಸರಿ ಇರುತ್ತದೆ. ಹಿಂದಕ್ಕೆ ನೋಡು ಎಂದು ನೀವು ಹೇಳುತ್ತೀರಿ. ಎಷ್ಟು ಹಿಂದಕ್ಕೆ?
— ವಿಜಯಪುರ

ಉತ್ತರ: ಅಣ್ಣಾವ್ರೆ, ನಿಮ್ಮ ಪ್ರಶ್ನೆ ಓದಿ ನನಗೆ ಖುಷಿಯಾಯಿತು. ಇಲ್ಲಿ ಪಾರ್ಸರ್ ಪಾಪದ್ದು. ಸರಿಯಾದ ಜಾಗದಲ್ಲೇ ಎಡವಿದೆ. ತಪ್ಪಿದ್ದು ಎಣಿಕೆ.

ನಿಮ್ಮೂರ ಹೆಸರನ್ನೇ ತೆಗೆದುಕೊಳ್ಳಿ. "ವಿಜಯಪುರ". ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿನ ಯುನಿಕೋಡ್ ಲೆಕ್ಕದಲ್ಲಿ 7, ಯಾಕೆಂದರೆ ವ ಒಂದು, ಅದರ ಗುಡಿಸು ಒಂದು, ಪ ಒಂದು, ಅದರ ಕೊಂಬು ಒಂದು. ಫೈಲಿನಲ್ಲಿ ಇಡುವಾಗ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಒಟ್ಟು 21. ಇಂಗ್ಲಿಷ್ ಅಕ್ಷರಕ್ಕೆ ತಲಾ 1 ಬೈಟ್, ಹಾಗಾಗಿ ಅಲ್ಲಿ ಮೂರು ಲೆಕ್ಕವೂ ಒಂದೇ, ಜಗಳ ಇಲ್ಲ. ಈಗ "ಲಕ್ಷ್ಮೀ" ನೋಡಿ. ಕಣ್ಣಿಗೆ ಎರಡೇ ಅಕ್ಷರ. ಬಿಡಿಸಿದರೆ ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ. ಅದೂ 7, ಅದೂ 21 ಬೈಟ್! ಲಕ್ಷ್ಮೀ ಮತ್ತು ವಿಜಯಪುರ ಕಂಪ್ಯೂಟರಿನ ತಕ್ಕಡಿಯಲ್ಲಿ ಸಮ ತೂಕ.

ಹಳೆಯ ಜಿಸಿಸಿ ಕಾಲಂ ನಂಬರನ್ನು (ಸಾಲಿನಲ್ಲಿ ಎಷ್ಟನೇ ಮನೆ ಎಂಬುದನ್ನು) ಬೈಟ್ ಎಣಿಸಿ ಹೇಳುತ್ತಿತ್ತು. ಬೈಟ್ ಲೆಕ್ಕದಲ್ಲಿ ಖಾಲಿ ಜಾಗ ಬಿಟ್ಟು ^ ಹಾಕಿದರೆ, ಸಾಲಿನಲ್ಲಿ "ವಿಜಯಪುರ" ಒಂದು ಸಲ ಬಂದಿದ್ದಕ್ಕೇ ಗುರುತು 16 ಮನೆ ಬಲಕ್ಕೆ ಹೋಗುತ್ತದೆ. 21ರಲ್ಲಿ 5 ಕಳೆಯಿರಿ. "ತೊಗರಿ" ಸೇರಿಸಿದರೆ ಇನ್ನೂ 12. ನಿಮ್ಮ ಬಯಲಿನ ಲೆಕ್ಕ ಸಿಕ್ಕಿತಲ್ಲ? 2021ರ 11ನೇ ಆವೃತ್ತಿಯಿಂದ ಜಿಸಿಸಿ ಬೈಟ್ ಬಿಟ್ಟು, ಪರದೆಯ ಮೇಲೆ ಎಷ್ಟು ಅಗಲ ಕಾಣುತ್ತದೆ ಎಂಬ ಲೆಕ್ಕ ಹಿಡಿದಿದೆ. ಆದರೂ ಕನ್ನಡಕ್ಕೆ ಪೂರ್ತಿ ಸರಿಯಾಗುವುದಿಲ್ಲ. ಟರ್ಮಿನಲ್, ಅಂದರೆ ಎರರ್ ಸಂದೇಶ ಕಾಣುವ ಪರದೆ, ಚೌಕುಳಿ ಹಾಳೆ ಇದ್ದಂತೆ. ಮನೆಗೊಂದು ಅಕ್ಷರ. ನಮ್ಮ "ಕ್ಷ್ಮೀ" ಯಾವ ಚೌಕದಲ್ಲಿ ಹಿಡಿಯುತ್ತದೆ, ಹೇಳಿ? ಫಾಂಟ್ ಒಂದು ಅಗಲ ಬರೆಯುತ್ತದೆ, ಎಣಿಸುವವನು ಇನ್ನೊಂದು ಅಗಲ ಅಂದುಕೊಂಡಿರುತ್ತಾನೆ.

ಅಂದಹಾಗೆ ಟ್ಯಾಬ್ ಒತ್ತಿ ಸಾಲು ಶುರುಮಾಡುವವರಿಗೂ ಇದೇ ಕಾಟ. ಟ್ಯಾಬ್ ಒಂದೇ ಚಿಹ್ನೆ. ಟರ್ಮಿನಲ್ ಅದನ್ನು 8 ಮನೆ ಅಗಲ ತೋರಿಸುತ್ತದೆ, ಎಷ್ಟೋ ಎಡಿಟರುಗಳು 4 ಮನೆ ತೋರಿಸುತ್ತವೆ. ಕಂಪೈಲರ್ 1 ಎಂದು ಎಣಿಸಿದ್ದರೆ ಮೂರು ಜನ, ಮೂರು ಗಡಿಯಾರ.

ನೀವು ಮಾಡಬೇಕಾದದ್ದು ಇಷ್ಟು. ಸಾಲಿನ ನಂಬರನ್ನು ನಂಬಿ, ಅದು ಇದರಿಂದ ಕೆಡುವುದಿಲ್ಲ. ಕನ್ನಡ ಇರುವ ಸಾಲಿನಲ್ಲಿ ^ ಅನ್ನು ಮರೆತುಬಿಡಿ. ಅದರ ಬದಲು ಸಂದೇಶದಲ್ಲಿ ಯಾವ ಪದದ ಹೆಸರು ಹೇಳಿದೆಯೋ ಅದನ್ನು ಸಾಲಿನಲ್ಲಿ ಹುಡುಕಿ. ಇನ್ನೂ ಒಳ್ಳೆಯದು ಬೇಕೆಂದರೆ ತೊಗರಿ, ಕಡಲೆ, ಜೋಳ ಎಲ್ಲ ಕನ್ನಡ ಪದಗಳನ್ನೂ ಫೈಲಿನ ಮೇಲ್ಗಡೆ ಒಂದೇ ಕಡೆ ಬರೆದಿಟ್ಟು, ಕೆಳಗೆ ಹೆಸರಿನಿಂದ ಕರೆಯಿರಿ. ಲೆಕ್ಕದ ಸಾಲುಗಳಲ್ಲಿ ಕನ್ನಡ ಇರುವುದಿಲ್ಲ, ಗುರುತೂ ತಪ್ಪುವುದಿಲ್ಲ. ಕನ್ನಡವನ್ನು ಹೀಗೆ ಮೂಲೆಗೆ ಕೂರಿಸಲು ಹೇಳುವುದು ನನಗೂ ಬೇಸರವೇ.

ಇದರ ಉಲ್ಟಾ ಒಂದಿದೆ, ಹೇಳಿಬಿಡುತ್ತೇನೆ. ಪೈಥಾನಿನಲ್ಲಿ ಕನ್ನಡದಲ್ಲೇ ವೇರಿಯಬಲ್ ಹೆಸರು ಇಡಬಹುದು. ಬೆಲೆ = 50 ಎಂದು ಬರೆದರೆ ನಡೆಯುತ್ತದೆ. ನನ್ನ ಒಬ್ಬ ಶಿಷ್ಯ "ಲ್ಯಾಪ್‌ಟಾಪ್" ಎಂದು ಹೆಸರಿಟ್ಟ, ಎರರ್ ಬಂತು. ಗುರುತು ಪದದ ನಡುವೆ ನಿಂತಿತ್ತು. ಅಲ್ಲಿ ಏನೂ ಇಲ್ಲ! ನಿಜವಾಗಿ ಇತ್ತು. ಪ ಮತ್ತು ಟ ಕೂಡಿ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇಟ್ಟಿರುತ್ತೇವೆ. ಯುನಿಕೋಡಿನಲ್ಲಿ ಅದರ ನಂಬರ್ ಯು+200ಸಿ. ಹೆಸರುಗಳಲ್ಲಿ ಪೈಥಾನ್ ಅದನ್ನು ಒಪ್ಪುವುದಿಲ್ಲ. ಹೊಸ ಪೈಥಾನ್ "ನಾನ್-ಪ್ರಿಂಟೆಬಲ್ ಕ್ಯಾರೆಕ್ಟರ್" ಎಂದು ನಂಬರ್ ಸಮೇತ ಹೇಳುತ್ತದೆ. ಅವತ್ತು ಕಂಪ್ಯೂಟರ್ ಸರಿ, ನಮ್ಮಿಬ್ಬರ ಕಣ್ಣು ತಪ್ಪು. ವಾಟ್ಸಾಪಿನಲ್ಲಿ ಬಂದ ಕೋಡನ್ನು ಹಾಗೇ ಅಂಟಿಸುವವರು ಇದನ್ನು ನೆನಪಿಡಿ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ "ನಿಯರ್ '' ಅಟ್ ಲೈನ್ 1" ಅಂತ ಬರುತ್ತದೆ. ಉದ್ಧರಣದ ಒಳಗೆ ಏನೂ ಇಲ್ಲ. ಯಾವುದರ ಹತ್ತಿರ?
— ಚಿಕ್ಕೋಡಿ

ಉತ್ತರ: ಕೊನೆಯ ಹತ್ತಿರ. ನಿಯರ್ ಎಂದ ಮೇಲೆ ಅದು ತೋರಿಸುವುದು ತಾನು ಸಿಕ್ಕಿಕೊಂಡ ಜಾಗದಿಂದ ಮುಂದಿನ ಭಾಗವನ್ನು. ಮುಂದೆ ಏನೂ ಉಳಿದಿಲ್ಲ, ಅದಕ್ಕೇ ಖಾಲಿ. ನಿಮ್ಮ ಕ್ವೆರಿ (ಡೇಟಾಬೇಸಿಗೆ ಬರೆದ ಆದೇಶ) ಅರ್ಧಕ್ಕೆ ನಿಂತಿದೆ. ಮುಚ್ಚದ ಕಂಸ ಇದೆಯೇ, ವೇರ್ ಎಂದು ಬರೆದು ಷರತ್ತು ಬರೆಯುವುದನ್ನು ಮರೆತಿದ್ದೀರಾ, ನೋಡಿ. ಉದ್ಧರಣದ ಒಳಗೆ ಪದ ಇದ್ದರೆ ತಪ್ಪು ಆ ಮೊದಲ ಪದದಲ್ಲೋ, ಅದರ ಹಿಂದೆಯೋ ಇರುತ್ತದೆ.

ಪ್ರಶ್ನೆ: ನವನಗರದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಪೈಥಾನ್ ಪ್ರೋಗ್ರಾಂ ಓಡುತ್ತ ಓಡುತ್ತ 88ನೇ ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಿದ್ದೀರಿ ಎಂದು ನಿಂತಿತು. ಆ ಸಾಲು ಸರಾಸರಿ ತೆಗೆಯುವುದು, ಸರಿಯಾಗಿಯೇ ಇದೆ. ಇದೂ ತಪ್ಪು ಜಾಗವೇ?
— ಬಾಗಲಕೋಟೆ

ಉತ್ತರ: ಅಲ್ಲಮ್ಮಾ. ಇಲ್ಲಿ ಜಾಗ ಸರಿ. ಭಾಗಾಕಾರ ಸತ್ತದ್ದು ಅಲ್ಲೇ. ಆದರೆ ಸೊನ್ನೆ ಹುಟ್ಟಿದ್ದು ಬೇರೆ ಕಡೆ. ಅಡುಗೆಮನೆಯ ನಳ ಒಣಗಿದರೆ ನಳ ಬಿಚ್ಚಿ ನೋಡುತ್ತೇವಾ, ಟಾಕಿ ಹತ್ತಿರ ಹೋಗಿ ವಾಲ್ವ್ ನೋಡುತ್ತೇವಾ? ನೀವು ಕಳಿಸಿದ ಪ್ರೋಗ್ರಾಂನಲ್ಲಿ 40ನೇ ಸಾಲಿನ ಹತ್ತಿರ ಫೈಲ್ ಓದುತ್ತೀರಿ. ಆ ಫೈಲ್ ಖಾಲಿ ಇದ್ದರೆ ಪಟ್ಟಿ ಖಾಲಿ, ಪಟ್ಟಿಯ ಉದ್ದ ಸೊನ್ನೆ. ಅಲ್ಲೇ ಒಂದು ಪರೀಕ್ಷೆ ಹಾಕಿ.

2022ರಲ್ಲಿ ಬಂದ 3.11ರಿಂದ ಪೈಥಾನ್ ಇಂಥ ಎರರಿಗೆ ಸಾಲು ಮಾತ್ರವಲ್ಲ, ಸಾಲಿನ ಯಾವ ತುಂಡು ಎಂದೂ ಕೆಳಗೆ ಗೆರೆ ಎಳೆದು ತೋರಿಸುತ್ತದೆ. ಒಂದೇ ಸಾಲಿನಲ್ಲಿ ಎರಡು ಭಾಗಾಕಾರ ಇದ್ದರೆ ಯಾವುದು ಎಂದು ಗೊತ್ತಾಗುತ್ತದೆ. ಜಾವಾದಲ್ಲೂ 14ನೇ ಆವೃತ್ತಿಯಿಂದ, ನಲ್ (ಏನನ್ನೂ ಸೂಚಿಸದ ಖಾಲಿ ಬೆಲೆ) ಎರರ್ ಬಂದಾಗ ಯಾವುದು ನಲ್ ಆಗಿತ್ತು ಎಂದು ಹೇಳಬಲ್ಲದು. ಆ ಸೊನ್ನೆಯನ್ನೋ ನಲ್ಲನ್ನೋ ಅಲ್ಲಿಗೆ ಯಾರು ತಂದರು ಎಂದು ಮಾತ್ರ ಎರಡೂ ಹೇಳುವುದಿಲ್ಲ.

ಪ್ರಶ್ನೆ: ಸೆಮಿಕೋಲನ್ ಇಲ್ಲ ಎಂದು ಗೊತ್ತಿದ್ದ ಮೇಲೆ ಅದೇ ಹಾಕಿಕೊಂಡು ಮುಂದೆ ಹೋಗಬಾರದೇ? ಇಷ್ಟೆಲ್ಲ ಎಐ ಬಂದಿರುವಾಗ ಕಂಪೈಲರ್ ಮಾಡುವವರಿಗೆ ಏನು ಧಾಡಿ?
— ಸಿಟ್ಟಿನಿಂದ ಒಬ್ಬರು, ಅಥಣಿ

ಉತ್ತರ: ಹಾಗೆ ಮಾಡಿ ನೋಡಿದ್ದಾರೆ ಅಣ್ಣಾವ್ರೆ, ಅದೂ 1970ರ ದಶಕದಲ್ಲೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಲ್/ಸಿ ಎಂಬ ಕಂಪೈಲರ್ ಇತ್ತು. ಆಗ ಹುಡುಗರು ಪ್ರೋಗ್ರಾಂ ಬರೆಯುತ್ತಿದ್ದದ್ದು ತೂತು ಕೊರೆದ ಕಾರ್ಡಿನಲ್ಲಿ. ಕಾರ್ಡಿನ ಕಟ್ಟು ಕೊಟ್ಟು ಉತ್ತರಕ್ಕೆ ಕಾಯಬೇಕು. ಒಂದು ಚುಕ್ಕೆಗೆ ಇಡೀ ದಿನ ಹೋದರೆ ಹೇಗೆ? ಅದಕ್ಕೇ ಆ ಕಂಪೈಲರ್ ಯಾವ ತಪ್ಪು ಕಂಡರೂ ತಾನೇ ತಿದ್ದಿ, ಏನು ತಿದ್ದಿದೆ ಎಂದು ಬರೆದು, ಪ್ರೋಗ್ರಾಂ ಓಡಿಸಿಯೇ ಬಿಡುತ್ತಿತ್ತು. ಕೆಲವು ಸಲ ಸರಿಯಾಗಿ ತಿದ್ದುತ್ತಿತ್ತು, ಕೆಲವು ಸಲ ಬರೆದವನ ಮನಸ್ಸಿನಲ್ಲಿ ಇಲ್ಲದ್ದನ್ನು ಬರೆಯುತ್ತಿತ್ತು. ಕಾಯುವ ಕಾಲಕ್ಕೆ ಅದು ಸರಿಯೇ. ಈಗ ಕಂಪೈಲ್ ಮಾಡಲು ಒಂದು ಸೆಕೆಂಡ್. ಈಗ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ತಮ್ಮ ಬಂದ ಬಸ್ಸಿನ ಉದಾಹರಣೆ ಮೇಲೆ ಕೊಟ್ಟಿದ್ದೇನಲ್ಲ, ಅಲ್ಲಿ ಚುಕ್ಕೆ ಬೇಕೇ ಬೇಡವೇ ಎಂದು ಬರೆದವರೇ ಹೇಳಬೇಕು. ಎಐ ಊಹೆ ಮಾಡುತ್ತದೆ, ಬಹಳ ಸಲ ಸರಿಯಾಗಿಯೇ ಮಾಡುತ್ತದೆ. ಆದರೆ ತಪ್ಪು ಊಹೆಯನ್ನೂ ಅದು ಅದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. "ಇಲ್ಲಿ ಸಿಕ್ಕಿಕೊಂಡೆ" ಎನ್ನುವ ಒರಟು ಕಂಪೈಲರಿಗೆ ಅಷ್ಟು ಮಾತು ಬರುವುದಿಲ್ಲ, ಆದರೆ ಅದು ಹೇಳಿದ್ದು ಸುಳ್ಳಲ್ಲ. ಊಹೆ ಹೇಳಲಿ, ಪಕ್ಕದಲ್ಲಿ ಹೇಳಲಿ, ನನ್ನ ಸಾಲಿಗೆ ಕೈ ಹಾಕದಿರಲಿ. ಧಾಡಿ ಅನ್ನುವ ಮಾತು ವಾಪಸ್ ತೆಗೆದುಕೊಳ್ಳಿ.

ಮುಧೋಳದ ಓದುಗರಿಗೆ: ನಿಮ್ಮ ಪತ್ರ ಸಿಕ್ಕಿತು. ಜೊತೆಗಿಟ್ಟ ಫೋಟೋದಲ್ಲಿ ಕೆಂಪು ಗೆರೆ ಇರುವ ಒಂದೇ ಒಂದು ಸಾಲು ಇದೆ, ಅದೂ ಅಚ್ಚುಕಟ್ಟಾಗಿ ಕತ್ತರಿಸಿದ್ದೀರಿ. ಆ ಸಾಲಿನಲ್ಲಿ ಏನೂ ತಪ್ಪಿಲ್ರೀ. ಅದರ ಮೇಲಿನ ಹತ್ತು ಸಾಲು ಸೇರಿಸಿ ಇನ್ನೊಂದು ಫೋಟೋ ಕಳಿಸಿ.